ಒಂದೂವರೆ ಅಂಗುಲ

ರಾಯಚೂರು, ತೀನ್ ಕಂದೀಲಿನ ಹಿಂದಿನ ಗಲ್ಲಿ.
ಎಂಟಡಿ ಅಂಗಡಿ, ಅಪ್ಪ ಬಿಟ್ಟುಹೋದ ಒತ್ತುಯಂತ್ರ,
ಬಂಗಾರದಕ್ಷರ ಒತ್ತುವ ಹಿತ್ತಾಳೆಯ ಅಚ್ಚುಮೊಳೆಗಳು.
ಇಂಗ್ಲಿಷಿನ ‘ಎಸ್’ ಎರಡೇ ಉಳಿದಿವೆ;
ಹೆಸರಿನಲ್ಲಿ ಮೂರಿದ್ದವರು ತುಸು ಕಾಯಬೇಕು.

ಮಾರ್ಚಿಯಿಂದ ಜೂನಿನವರೆಗೆ ನನಗೆ ಸುಗ್ಗಿ.
ಲಿಂಗಸುಗೂರು ರಸ್ತೆಯ ಕೃಷಿಯವರಿಗೆ ಹಸಿರು ರೆಕ್ಸಿನ್,
ವಾಣಿಜ್ಯಕ್ಕೆ ಮರೂನು,
ಸಮಾಜಶಾಸ್ತ್ರದವರು ಪಾಪ, ಉಳಿದ ಬಣ್ಣಕ್ಕೂ ಒಪ್ಪುತ್ತಾರೆ.
ಐದು ವರ್ಷದ ನಿದ್ದೆಗೇಡು ನನ್ನ ಪಟ್ಟಿಯಲ್ಲಿ
ಒಂದೂವರೆ ಅಂಗುಲ ದಪ್ಪ, ನೂರಾ ಎಂಬತ್ತು ರೂಪಾಯಿ.
ನಾನು ಓದುವುದಿಲ್ಲ.
ಓದಿದರೆ ಹೊಲಿಗೆ ತಪ್ಪುತ್ತದೆ, ಅಪ್ಪ ಅನ್ನುತ್ತಿದ್ದ.

ಮೊನ್ನೆ ಸಂಜೆ ಧೂಳುಗಾಳಿ ಎದ್ದು, ಕರೆಂಟು ಹೋಗಿ,
ಮೇಜಿನ ಮೇಲಿದ್ದ ಎರಡು ಪ್ರಬಂಧ ನೆಲದಲ್ಲಿ ಕಲೆತುಹೋದವು:
ದೇವಮ್ಮ ಗಬ್ಬೂರಳ ತೊಗರಿಯ ನೆಟೆ ರೋಗ,
ಸೂಗೂರೇಶನ ಸಣ್ಣ ಅಂಗಡಿಗಳ ವ್ಯವಹಾರ ತಂತ್ರ.
ಎರಡರಲ್ಲೂ ಒಂದು ನೂರಾ ಹನ್ನೆರಡು, ಒಂದು ನೂರಾ ಹದಿಮೂರು;
ಅದೇ ಅಕ್ಷರ, ಅದೇ ಅಂಚು, ಅದೇ ಬಿಳಿ.

ಮೊಬೈಲು ಬೆಳಕಿನಲ್ಲಿ ಕೂತೆ. ಓದದೆ ಗತಿಯಿಲ್ಲ.
ಇಂಗ್ಲಿಷು ಅರ್ಧ ಬರುತ್ತದೆ, ಅಂಕಿ ಪೂರ್ತಿ.
ಮೂರನೇ ವರ್ಷಕ್ಕೆ ಉಳಿದದ್ದು ಶೇಕಡಾ ಹದಿನೆಂಟು.
ಗಿಡವೋ? ಅಂಗಡಿಯೋ?
‘ಬೇರು ಗಟ್ಟಿಯಿದ್ದರೂ ಒಳಗಿನ ಹರಿವು ಕಟ್ಟಿಕೊಂಡು’
ಎಂಬಲ್ಲಿಗೆ ತೊಗರಿ ಎಂದು ಎಡಕ್ಕಿಟ್ಟೆ;
ಮುಂದಿನ ಸಾಲಿಗೆ ಕಿರಾಣಿಯ ಉದ್ರಿ ಬಂತು, ಬಲಕ್ಕೆ ಸರಿಸಿದೆ.

ಹೀಗೆ ಸರಿಸುತ್ತಿದ್ದಾಗ ಕೋಷ್ಟಕದಲ್ಲಿ ನಾನೇ ಸಿಕ್ಕೆ.
ಅಂಗಡಿ ನಲವತ್ತೇಳು. ಪುಸ್ತಕ ಕಟ್ಟುವುದು. ಒಡತಿ, ಒಬ್ಬಳೇ.
ಓದು ಹತ್ತನೇ ಇಯತ್ತೆ.
ಗಳಿಕೆ, ನಾನು ಹೇಳಿದ ಸುಳ್ಳೇ, ಹಾಗೇ ಇದೆ.
ಕೊನೆಯ ಮನೆ, ಮುಂದಿನ ತಂತ್ರ: ಸೊನ್ನೆ.

ಆ ಹುಡುಗ ಬಂದದ್ದು ನೆನಪಿದೆ, ಚಹಾ ಕುಡಿದಿದ್ದ.
“ಅಕ್ಕಾರ, ಐದು ವರ್ಷಕ್ಕ ಏನ್ ಪ್ಲಾನ್ ಅದರೀ?”
ಕೈತುಂಬ ಅಂಟು. “ಮೊದ್ಲ ಇದು ಆರ್ಲಿ ತಮ್ಮಾ” ಅಂದಿದ್ದೆ.
ಸಿಟ್ಟು ಬರಲಿಲ್ಲ ಅಂದರೆ ಅದೂ ಗಳಿಕೆಯಂಥದ್ದೇ ಸುಳ್ಳು.
ಆದರೆ ಆ ಮನೆ ಎಷ್ಟು ಸಣ್ಣದು ನೋಡಿ,
ಅಂಟು ಆರುವಷ್ಟು ಹೊತ್ತು ಅದರಲ್ಲಿ ಹಿಡಿಸುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ದೇವಮ್ಮಳ ಕೊನೆಯ ಹಾಳೆಗಳು.
ನೂರಾ ಮೂವತ್ತೊಂದನೆಯದನ್ನು ಆಕೆ
ಬಸ್ಸು ಹಿಡಿದು ಬಂದು ಬದಲಿಸಿ ಹೋಗಿದ್ದಳು.
ಏನು ಬದಲಾಯಿತೆಂದು ನಾನು ಕೇಳಿರಲಿಲ್ಲ.
ಈಗ ರದ್ದಿಯ ಗೋಣಿ ಬುಡಮೇಲು ಮಾಡಿ ಹಳೆಯದನ್ನು ಹುಡುಕಿದೆ,
ಎರಡನ್ನೂ ಬದಿಬದಿಗಿಟ್ಟು ಬೆರಳಿಟ್ಟು ಹೋಲಿಸಿದೆ.
ಹೆಚ್ಚಾದದ್ದು ಒಂದೇ ಮಾತು:
‘ಹದಿನಾರನೇ ಸಾಲಿನ ಒಂದು ಗಿಡ ಸೊರಗಲಿಲ್ಲ.
ಕಾರಣ ತಿಳಿದುಬಂದಿಲ್ಲ.’

ಇಷ್ಟಕ್ಕೆ ಗಬ್ಬೂರಿನಿಂದ ಬಂದಳೇ?
ಯಾರು ಬೇಡ ಅಂದಿದ್ದರೋ, ಯಾರ ಮಾತು ಮೀರಿ ಸೇರಿಸಿದಳೋ.
ದೀಪ ಬಂದಾಗಲೂ ನಾನು ಆ ಗಿಡದ ಬಳಿಯೇ ಇದ್ದೆ.

ಬೆಳಗಿನೊಳಗೆ ಎರಡೂ ಕಟ್ಟಿದೆ.
ಸೂಗೂರೇಶನಿಗೆ ಎಸ್ ಎರಡೇ ಸಾಕಾದವು, ಪುಣ್ಯಕ್ಕೆ.
ಬಂದ, ನೂರು ಕೊಟ್ಟ, ಉಳಿದದ್ದು ಉದ್ರಿ ಅಂದ;
ನನ್ನ ತಂತ್ರದ ಬಗ್ಗೆ ನಾನೂ ಬಾಯಿಬಿಡಲಿಲ್ಲ.

ದೇವಮ್ಮ ಮಧ್ಯಾಹ್ನ ಬಂದಳು. ಹಾಳೆ ತೆರೆಯುವ ಮೊದಲು
ಅಂಟಿನ ಡಬ್ಬಿಗೆ ಬಗ್ಗಿ ನೋಡಿದಳು:
“ಇದ್ರಾಗ ಮೈಲುತುತ್ತ ಅದ ಅಲ್ರೀ?”
“ಹುಳ ಹತ್ತಬಾರ್ದಂತ, ನಮ್ಮಪ್ಪ ಹಾಕ್ತಿದ್ದ.”
“ಎಷ್ಟು ಹಾಕ್ತೀರಿ?”
“ಚಿಟಿಕಿ.”
“ಗ್ರಾಮಿನ್ಯಾಗ?”
ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದೆ.
ಅವಳು ನಗಲಿಲ್ಲ. ಜೋಳಿಗೆಯಿಂದ ವಹಿ ತೆಗೆದು
ತಾರೀಖು ಹಾಕಿ, ಹಾಗೇ ಬರೆದುಕೊಂಡಳು:
ಚಿಟಿಕಿ.